ಪಿನ್ ಇಲ್ಲದ ಒಂಬತ್ತು ಬಾನೆಟ್ಟು

ಪೆರ್ಗಮಿನೊ,
೯ ಮಾರ್ಚ್ ೧೯೯೮

ಅಕ್ಕನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಕೇಳಲು ನಿನಗೇನು ಮುಖವಿದೆ ಎಂದು ನೀನು ಅನ್ನುವುದು ಇಲ್ಲಿಗೇ ಕೇಳಿಸುತ್ತಿದೆ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹೋದ ಗುರುವಾರ ನಿನ್ನ ಬಾನೆಟ್ಟೊಂದನ್ನು ನಾನು ಫೇಲ್ ಮಾಡಿದೆ.

ಕಿತ್ತಳೆ ಬಣ್ಣದ ಹಳೆಯ ಫೋರ್ಡ್ ಫಾಲ್ಕನ್ ಕಾರು. ಯಜಮಾನ ಎಲಿಸೆಯೊ ಫರಿಯಾ, ಇಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಬೇಕರಿ ಇಟ್ಟಿದ್ದಾರೆ. ವರ್ಷದ ತಪಾಸಣೆಗೆ ಗಾಡಿ ನನ್ನ ಸಾಲಿಗೇ ಬಂತು. ಬೆರಳಿನ ಗೆಣ್ಣಿನಿಂದ ಬಾನೆಟ್ಟಿನ ಮೇಲೆ ತಟ್ಟಿದೆ. ತಗಡಿನ ಸದ್ದಲ್ಲ, ಫೈಬರ್‌ಗ್ಲಾಸಿನದು. ಎತ್ತಿ ನೋಡಿದರೆ ಒಳಮೈಯಲ್ಲಿ, ಫೈಬರಿನ ಕೊನೆಯ ಪದರದ ಅಡಿಯಲ್ಲಿ, ಪೆನ್ಸಿಲ್ಲಿನಿಂದ ೩೧ ಎಂದು ಬರೆದ ಚೀಟಿ. ಅಪ್ಪನ ಪದ್ಧತಿಯನ್ನು ನೀನು ಬಿಟ್ಟಿಲ್ಲ. ಅಂಕಿ ನಿನ್ನ ಕೈಯದು, ನೋಡಿದ ಕೂಡಲೇ ಗೊತ್ತಾಯಿತು.

ಫೇಲ್ ಮಾಡಿದ್ದು ಪಿನ್ನುಗಳಿಗೆ. ಮುಂದಿನ ಎರಡು ಮೂಲೆಗಳಲ್ಲಿ ಬಾನೆಟ್ಟಿನ ತೂತಿನಿಂದ ಮೇಲಕ್ಕೆದ್ದ ಆ ಎರಡು ಉಕ್ಕಿನ ಪಿನ್ನು, ಅವುಗಳ ತಲೆಗೆ ಅಡ್ಡ ಸಿಕ್ಕಿಸಿದ ಕ್ಲಿಪ್ಪು. ಗಾಡಿಯ ಮೈಯಿಂದ ಚೂಪಾದದ್ದು ಏನೂ ಹೊರಗೆ ಚಾಚಿರಬಾರದು ಎಂದು ನಿಯಮ. ಇದು ಕೆಲಸವಿಲ್ಲದವರು ಕೂತು ಮಾಡಿದ ನಿಯಮವಲ್ಲ. ನವೆಂಬರಿನಲ್ಲಿ ಇಲ್ಲೇ ಪಕ್ಕದ ಊರಿನಲ್ಲಿ ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳಿಗೆ ಇಂಥದೇ ಕ್ಲಿಪ್ಪು ಕೆನ್ನೆ ಸೀಳಿತು. ಗಾಡಿ ಓಡುತ್ತಿದ್ದದ್ದು ನಡಿಗೆಯ ವೇಗದಲ್ಲಿ.

ಎಲಿಸೆಯೊ ಜಗಳವಾಡಲಿಲ್ಲ. “ಇನ್ಸ್‌ಪೆಕ್ಟರೇ, ಇದು ರಫಾಯೆಲಾದ ಜಿರಾವ್ದೊ ಮನೆ ಮಾಲು ಕಣ್ರೀ. ಆ ಹುಡುಗಿ ಅಪ್ಪನಿಗಿಂತ ಚೆನ್ನಾಗಿ ಮಾಡ್ತಾಳೆ” ಅಂದರು. ನನ್ನ ಅಂಗಿಯ ಮೇಲಿನ ಹೆಸರಿನ ಪಟ್ಟಿಯನ್ನು ನಾನು ಪ್ಯಾಡಿನಿಂದ ಮುಚ್ಚಿಕೊಂಡೆ.

ರೆನ್ಸೊ ಜಿರಾವ್ದೊ


ರಫಾಯೆಲಾ,
೨೦ ಮಾರ್ಚ್

ತಪಾಸಣೆ ಸಾಹೇಬರ ಸನ್ನಿಧಾನಕ್ಕೆ,

ನಿಮ್ಮ ಕೃಪಾಪತ್ರ ತಲುಪಿತು. ನೆಲ್ಸೊ ಜೋರಾಗಿ ಓದಿದರು. ನನ್ನ ಎರಡೂ ಕೈಗೆ ಫೈಬರಿಗೆ ಹಚ್ಚುವ ರೆಸಿನ್ ಅಂಟು ಮೆತ್ತಿತ್ತು, ಇಲ್ಲದಿದ್ದರೆ ಅರ್ಧಕ್ಕೇ ಹರಿದು ಹಾಕುತ್ತಿದ್ದೆ. ನನ್ನ ಗಂಡ ಷೆವ್ರೊಲೆ ಕಾರಿನ ಭಕ್ತ, ನಿನಗೂ ಗೊತ್ತು. ಫೋರ್ಡಿನ ಬಾನೆಟ್ಟು ಫೇಲಾಯಿತು ಎಂದು ಆ ಮನುಷ್ಯನಿಗೆ ಒಳಗೊಳಗೇ ಹಬ್ಬ.

ಮನೆಗೆ ಮಾರಿ, ಊರಿಗೆ ಉಪಕಾರಿ. ಅಪ್ಪ ಹಾಸಿಗೆ ಹಿಡಿದ ತಿಂಗಳಲ್ಲೇ ನೀನು ಆ ನೀಲಿ ಅಂಗಿ ತೊಟ್ಟು ಹೊರಟೆ. ಅಪ್ಪನ ಶವದ ಮುಂದೆ ನಾನು ಒಂದು ಮಾತು ಅಂದೆ, ನಿಜ. “ಅಪ್ಪನ ಕೈಕೆಲಸಕ್ಕೆ ಫೇಲ್ ಚೀಟಿ ಅಂಟಿಸೋಕೆ ಹೋಗಿದಾನೆ ಇವನು” ಎಂದೆ. ಅಂದ ಮೇಲೆ ಎಷ್ಟೋ ದಿನ ಒಳಗೊಳಗೇ ಉರಿದಿದ್ದೇನೆ, ಅನ್ನಬಾರದಿತ್ತು ಅಂತ. ಈಗ ಉರಿ ಹೋಯಿತು. ಅಂದದ್ದು ಸರಿಯಾಗೇ ಇತ್ತಲ್ಲ.

ಅಲ್ಲ ಕಣೋ, ಆ ಪಿನ್ನು ಅಲ್ಲಿ ಯಾಕಿದೆ ಅಂತ ನಿನಗೆ ಗೊತ್ತಿಲ್ಲವೇ? ಅಚ್ಚು ತೆಗೆಯುವ ದಿನ ನೀನೇ ಅಲ್ಲವೇ ಆ ತುದಿ ಹಿಡಿದು ನಿಂತಿದ್ದವನು? ಅಪ್ಪ ಅಚ್ಚು ತೆಗೆದದ್ದು ರೇಸಿನ ಗಾಡಿಯಿಂದ. ಕಂಪನಿಯ ತಗಡಿನ ಬಾನೆಟ್ಟಿಗೆ ಲಾಕು ಬಿಟ್ಟುಕೊಂಡರೂ ಹಿಡಿಯಲು ಎರಡನೆಯ ಕೊಂಡಿ ಇರುತ್ತದೆ. ರೇಸಿನದಕ್ಕೆ ಕೊಂಡಿಯೂ ಇಲ್ಲ, ಕೊಂಡಿ ಕೂರುವ ಜಾಗವೂ ಇಲ್ಲ, ಬರೀ ಪಿನ್ನು. ರಸ್ತೆಯ ಗಾಡಿಗೆ ಲಾಕು ಕೂರಿಸಿದ ಮೇಲೂ ಅಪ್ಪ ಪಿನ್ನು ಬಿಡಲಿಲ್ಲ. “ಫೈಬರ್ರು ಕಬ್ಬಿಣ ಅಲ್ಲ ಕಣೇ. ಇಂಜಿನ್ ಬಿಸಿಗೆ ಮೆತ್ತಗಾಗುತ್ತೆ, ಗಾಳಿಗೆ ಏಳುತ್ತೆ” ಅನ್ನುತ್ತಿದ್ದರು.

ಆ ಮುದುಕಿಯ ಕೆನ್ನೆಯ ವಿಷಯ ಓದಿ ಬೇಜಾರಾಯಿತು. ಆದರೆ ಅದು ನನ್ನ ಪಿನ್ನಲ್ಲ.

ಇಂತು,
ಫೇಲಾದ ಬಾನೆಟ್ಟಿನ ಒಡತಿ
ಇರ್ಮಾ


ಪೆರ್ಗಮಿನೊ,
೧೪ ಏಪ್ರಿಲ್

ಅಕ್ಕನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಜಗಳಕ್ಕೆ ಉತ್ತರ ಕೊಡುವುದಿಲ್ಲ.

ಎಲಿಸೆಯೊ ದಿನಕ್ಕೊಮ್ಮೆ ಬಂದು ನಿಲ್ಲುತ್ತಿದ್ದಾರೆ, ನಾನು ಹೆಸರಿನ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೇನೆ. ಪಾಸಿನ ಚೀಟಿ ಇಲ್ಲದೆ ಗಾಡಿ ಹೊರಗೆ ತೆಗೆಯುವ ಹಾಗಿಲ್ಲ, ತೆಗೆದರೆ ಪೊಲೀಸರು ಹಿಡಿಯುತ್ತಾರೆ. “ಏನ್ ಮಾಡಿದ್ರೆ ಪಾಸಾಗುತ್ತೆ ಅಂತ ಅದನ್ನಾದ್ರೂ ಹೇಳಿ” ಎಂದು ಕೇಳಿದರು. ಇರುವುದನ್ನು ಹೇಳಿದೆ. ಹೊರಗೆ ಚಾಚಿದ್ದು ಇರಬಾರದು, ಅಷ್ಟೇ. ಪಿನ್ನು ತೆಗೆದರೆ ಪಾಸಾಗುತ್ತದೆ.

ಈ ವಾರ ನಿನ್ನ ಹತ್ತಿರ ಬರುತ್ತಾರಂತೆ, ರಿಪೇರಿಗೆಂದು ಒಂದು ಸಲದ ಪರವಾನಗಿ ಬರೆದುಕೊಟ್ಟಿದ್ದೇನೆ.

ಇಲ್ಲಿ ಕೆಲಸದವರಿಗೆ ನಾನು ಜಿರಾವ್ದೊ ಮನೆಯವನೆಂದು ಗೊತ್ತಾಗಿಬಿಟ್ಟಿದೆ. ಫೈಬರ್ ಹಾಕಿದ ಗಾಡಿ ಬಂದಾಗಲೆಲ್ಲ ನನ್ನ ಮುಖ ನೋಡುತ್ತಾರೆ. ನಿನ್ನ ಮಾಲನ್ನು ಬೇರೆಯವರದಕ್ಕಿಂತ ಬಿಗಿಯಾಗಿ ನೋಡಬೇಕಾಗಿದೆ, ತಪ್ಪು ತಿಳಿಯಬೇಡ.

ರೆನ್ಸೊ


ರಫಾಯೆಲಾ,
೨ ಮೇ

ರೆನ್ಸೊ,

ಬಂದಿದ್ದರಪ್ಪ ನಿನ್ನ ಬೇಕರಿಯವರು. ಒಂದು ಬುಟ್ಟಿ ಸಿಹಿ ಬನ್ನು ತಂದಿದ್ದರು, ಮುನ್ನೂರೈವತ್ತು ಕಿಲೋಮೀಟರಿಗೂ ಹಳಸಿರಲಿಲ್ಲ. ಒಳ್ಳೆಯ ಮನುಷ್ಯ. ನನ್ನ ಅಚ್ಚಿನ ಮೇಲೆ ಕೈಯಾಡಿಸುತ್ತಾ “ನಾದಿದ ಹಿಟ್ಟಿನ ಥರ ಇದೆ ಕಣಮ್ಮ” ಎಂದರು. ಇಂಥವರಿಗೆ ನಿನ್ನಂಥವನು ಇನ್ಸ್‌ಪೆಕ್ಟರು, ನೀನು ನನ್ನ ತಮ್ಮ ಎಂದು ಹೇಳಲು ನಾಚಿಕೆಯಾಯಿತು.

ಪಿನ್ನು ತೆಗೆದೆ. ತೂತು ಮುಚ್ಚಿ, ಉಜ್ಜಿ, ಬಣ್ಣ ಹೊಡೆದೆ. ಈಗ ಕೈ ಸವರಿದರೆ ಗಾಜು. ಕೆಲಸ ಮುಗಿಸಿ ಬಾಗಿಲಲ್ಲಿ ನಿಲ್ಲಿಸಿದ್ದೇ ತಡ, ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಪಿನ್ನಿರುವುದಕ್ಕಿಂತ ಇದೇ ಚಂದವಂತೆ. ಎರಡು ದಿನದಲ್ಲಿ ನಾಲ್ಕು ಜನ ಇಂಥದ್ದೇ ಬೇಕೆಂದು ಹೇಳಿ ಹೋದರು. ಹದಿನೈದು ವರ್ಷ ಅಪ್ಪನಿಗೆ ಹೊಳೆಯದ್ದು ನಿನ್ನ ಸರ್ಕಾರಕ್ಕೆ ಹೊಳೆಯಿತು ನೋಡು.

ಒಂದು ಮಾತು. ಈಗ ಅದನ್ನು ಹಿಡಿದಿರುವುದು ಆ ಒಂದು ಲಾಕು ಮಾತ್ರ. ಫೈಬರ್ ಪದರದ ನಡುವೆ ಕೂರಿಸಿದ ತಗಡು, ಅದಕ್ಕೆ ಬೋಲ್ಟು. ಅಷ್ಟು ಸಾಕು ತಾನೇ? ನೀನು ದಿನಕ್ಕೆ ಐವತ್ತು ಗಾಡಿ ನೋಡುತ್ತೀಯ, ನಿನಗೆ ಗೊತ್ತಿರುತ್ತದೆ. ಗಾಡಿ ನಿನ್ನ ಹತ್ತಿರವೇ ಬರುತ್ತದಲ್ಲ. ನೋಡಿ ಒಂದು ಸಾಲು ಬರಿ.

ಇರ್ಮಾ


ಪೆರ್ಗಮಿನೊ,
೧೮ ಮೇ

ಅಕ್ಕನಿಗೆ,

ಎಲಿಸೆಯೊ ಅವರ ಗಾಡಿ ಪಾಸಾಯಿತು. ಬ್ರೇಕು, ದೀಪ, ಹೊಗೆ ಎಲ್ಲ ಸರಿ. ಚೀಟಿಯನ್ನು ಗಾಜಿಗೆ ನಾನೇ ಅಂಟಿಸಿದೆ. ಬೇಕರಿಗೆ ಹೋದವರಿಗೆಲ್ಲ ತೋರಿಸುತ್ತಿದ್ದಾರಂತೆ. “ರಫಾಯೆಲಾಕ್ಕೆ ಹೋಗಿ, ಜಿರಾವ್ದೊ ಮನೇಲಿ ಹಾಕಿಸ್ಕೊಳ್ಳಿ, ಇಲ್ಲಿ ಪಾಸಾಗುತ್ತೆ” ಎಂದು ಸಾಲಿನಲ್ಲಿ ನಿಂತವರಿಗೆ ಹೇಳುತ್ತಾರಂತೆ. ನಿನಗೆ ವ್ಯಾಪಾರ.

ಇಲ್ಲಿ ಚಳಿ ಶುರುವಾಗಿದೆ. ನಾನು ಸ್ಟೇಷನ್ನಿನ ಹಿಂದಿನ ಬೀದಿಗೆ ಮನೆ ಬದಲಾಯಿಸಿದ್ದೇನೆ, ಹೊಸ ವಿಳಾಸ ಲಕೋಟೆಯ ಹಿಂದೆ ಇದೆ. ನೆಲ್ಸೊ ಭಾವನಿಗೆ ನಮಸ್ಕಾರ ತಿಳಿಸು. ಅಮ್ಮನ ಬೆಳ್ಳುಳ್ಳಿ ಗೊಜ್ಜನ್ನು ನಾನೇ ಮಾಡಿ ನೋಡಿದೆ, ಬರಲಿಲ್ಲ. ಎಣ್ಣೆ ಮೊದಲೋ ಮೀನು ಮೊದಲೋ ಬರಿ.

ರೆನ್ಸೊ


ರಫಾಯೆಲಾ,
೨ ಜುಲೈ

ರೆನ್ಸೊ,

ಮೊನ್ನೆ ವಿಶ್ವಕಪ್ ಫುಟ್ಬಾಲಿನಲ್ಲಿ ನಮ್ಮವರು ಇಂಗ್ಲೆಂಡನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ ನಮ್ಮ ಬೀದಿಯವರೆಲ್ಲ ನನ್ನ ಅಂಗಡಿಯಲ್ಲೇ ಇದ್ದರು. ನೆಲ್ಸೊ ಕುಣಿಯಲು ಹೋಗಿ ರೆಸಿನ್ ಡಬ್ಬ ಒದ್ದರು. ನೆಲಕ್ಕೆ ಅಂಟಿದ್ದು ಇನ್ನೂ ಬಂದಿಲ್ಲ.

ಒಂಬತ್ತು ಬಾನೆಟ್ಟು ಮುಗಿಸಿ ಕೊಟ್ಟೆ. ಮೂವತ್ತೆಂಟರಿಂದ ನಲವತ್ತಾರು. ಒಂದಕ್ಕೂ ಪಿನ್ನಿಲ್ಲ. ಕೊನೆಯದನ್ನು ರೇಸಿನ ದಿನ ಮೈದಾನದ ಪಕ್ಕ ನಾನು ಹಾಕಿದ್ದ ಮಳಿಗೆಯಿಂದಲೇ ಒಬ್ಬ ಕೊಂಡುಹೋದ. ಹೆಸರು ಹೇಳಲಿಲ್ಲ, ಅವಸರದಲ್ಲಿದ್ದ. “ಪೆರ್ಗಮಿನೊದ ಬೇಕರಿಯವರದ್ದು ಪಾಸಾಯ್ತಲ್ಲ, ಅದೇ ಕೊಡಿ” ಅಂದ. ನನಗೆ ಎಷ್ಟು ಖುಷಿಯಾಯಿತು ಅಂದರೆ ಹೆಸರು ಕೇಳುವುದನ್ನೇ ಮರೆತೆ.

ಎಣ್ಣೆ ಮೊದಲು. ಬೆಳ್ಳುಳ್ಳಿಯನ್ನು ಹಾಲಿನಲ್ಲಿ ಬೇಯಿಸಿಕೊಂಡು ಹಾಕು, ಮೀನು ಕೊನೆಗೆ, ಸಣ್ಣ ಉರಿ.

ಮೇ ತಿಂಗಳಲ್ಲಿ ನಾನು ಒಂದು ಪ್ರಶ್ನೆ ಕೇಳಿದ್ದೆ. ನೀನು ಚಳಿಯ ಬಗ್ಗೆ ಬರೆದೆ, ಮನೆಯ ಬಗ್ಗೆ ಬರೆದೆ, ಗೊಜ್ಜಿನ ಬಗ್ಗೆ ಬರೆದೆ. ಅದಕ್ಕೆ ಉತ್ತರ ಬರೆಯಲಿಲ್ಲ. ಪಾಸು ಮಾಡಿದ್ದೇ ಉತ್ತರ ಎಂದುಕೊಂಡಿದ್ದೇನೆ. ಹೌದು ತಾನೇ?

ಎರಡು ವಾರದಿಂದ ಕೈ ತುರಿಕೆ. ಫೈಬರ್ ಧೂಳು ಚರ್ಮದೊಳಗೆ ಹೊಕ್ಕರೆ ಹಾಗೇ. ತಣ್ಣೀರು ಹಾಕಿದರೂ ಹೋಗುವುದಿಲ್ಲ, ಒಂದು ಕಡೆ ಕೂರಲು ಬಿಡುವುದಿಲ್ಲ.

ಅಕ್ಕ


ಪೆರ್ಗಮಿನೊ,
೧೧ ಆಗಸ್ಟ್

ಅಕ್ಕಾ,

ಇದನ್ನು ರೊಸಾರಿಯೊ ದಾರಿಯಾಗಿ ನಿಮ್ಮೂರಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗೆ ಕಾಯುವ ಹಾಗಿಲ್ಲ. ಓದುವ ಮೊದಲು ಕೂತುಕೋ.

ಭಾನುವಾರ ಬೆಳಗ್ಗೆ ಎಲಿಸೆಯೊ ಎಂಟನೆಯ ಹೆದ್ದಾರಿಯಲ್ಲಿ ಅರೆಸಿಫೆಸ್ ಕಡೆ ಹೊರಟಿದ್ದರು, ಒಬ್ಬರೇ. ಎದುರಿನಿಂದ ಧಾನ್ಯದ ಲಾರಿ ಬಂತು. ಲಾರಿ ಹಾಯ್ದ ಗಾಳಿಗೆ ಬಾನೆಟ್ಟು ಎದ್ದಿತು. ಎದ್ದದ್ದು ಹಿಂದಕ್ಕೆ ಮಡಚಿ ಮುಂದಿನ ಗಾಜಿಗೆ ಹೊಡೆಯಿತು. ಗಾಜೂ ಫೈಬರ್ರೂ ಸೇರಿ ಮುಖಕ್ಕೆ ಬಂತು. ಏನೂ ಕಾಣದೆ ಹಳ್ಳಕ್ಕೆ ಇಳಿಸಿದರು. ಇಳಿಸಿದ್ದೇ ಪುಣ್ಯ, ಆ ಕಡೆ ಹೋಗಿದ್ದರೆ ಇನ್ನೊಂದು ಲಾರಿ ಇತ್ತು.

ಜೀವಕ್ಕೆ ಅಪಾಯವಿಲ್ಲ. ಎಡಗಣ್ಣು ಹೋಯಿತು.

ನಾನು ಗಾಡಿ ನೋಡಲು ಹೋದೆ. ಲಾಕಿನ ತಗಡು ಬೋಲ್ಟಿನ ಸಮೇತ ಫೈಬರಿನಿಂದ ಕಿತ್ತು ಬಂದಿದೆ. ಸುತ್ತ ಫೈಬರ್ ದಿನದಿನದ ಎಳೆತಕ್ಕೆ ಬಿಳಿಚಿಕೊಂಡಿತ್ತು. ೩೧ನೆಯ ಚೀಟಿಯಿದ್ದ ತುಂಡು ಸೀಟಿನ ಮೇಲೆ ಬಿದ್ದಿತ್ತು. ಪೊಲೀಸಿನವನು ಅದನ್ನು ಎತ್ತಿ “ಇದೇನ್ರೀ ನಂಬರು?” ಎಂದು ಕೇಳಿದ. ಗೊತ್ತಿಲ್ಲ ಅಂದೆ.

ಮೇ ತಿಂಗಳಲ್ಲಿ ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಗಾಡಿ ನನ್ನ ಮುಂದೆ ಬಂದಾಗ ನಾನು ಬಾನೆಟ್ಟು ಎತ್ತಿದೆ, ಇಳಿಸಿದೆ, ಅಂಗೈ ಇಟ್ಟು ಒತ್ತಿದೆ. ಸ್ವಲ್ಪ ಅಲುಗಿತು. ನನಗೆ ಗೊತ್ತಾಯಿತು ಅಕ್ಕ. ಅಪ್ಪನ ಅಂಗಡಿಯಲ್ಲಿ ಬೆಳೆದವನಿಗೆ ಗೊತ್ತಾಗದೆ ಇರುತ್ತದೆಯೇ? ಕೈಯಲ್ಲಿದ್ದ ಪಟ್ಟಿ ನೋಡಿದೆ. ‘ಹೊರಗೆ ಚಾಚಿದ್ದು: ಇಲ್ಲ’ ಎಂಬ ಸಾಲಿತ್ತು. ‘ಎರಡನೆಯ ಕೊಂಡಿ’ ಎಂಬ ಸಾಲು ಇರಲಿಲ್ಲ. ಫೇಲ್ ಮಾಡಿದರೆ ನೀನು ಮತ್ತೆ ಹಾಗೇ ಬರೆಯುತ್ತೀಯ, ಎರಡು ವರ್ಷದ ಮೇಲೆ ಶುರುವಾದ ಕಾಗದ ನಿಂತುಹೋಗುತ್ತದೆ ಅನ್ನಿಸಿತು. ಇಲ್ಲದ ಸಾಲಿಗೆ ಟಿಕ್ ಹಾಕುವ ಕೆಲಸ ನನ್ನದಲ್ಲ ಅಂದುಕೊಂಡು ಚೀಟಿ ಅಂಟಿಸಿದೆ.

ಇನ್ನೂ ಒಂಬತ್ತು ಗಾಡಿ ರಸ್ತೆಯ ಮೇಲಿವೆ.

ರೆನ್ಸೊ


ರಫಾಯೆಲಾ,
೧೩ ಆಗಸ್ಟ್

ರೆನ್ಸೊ,

ಬಸ್ಸಿನವನು ಕಾಯುತ್ತಿದ್ದಾನೆ. ಅವನಿಗೆ ಮಟೆ ಚಹಾ ಮಾಡಿಕೊಟ್ಟು ಕೂರಿಸಿ ಬರೆಯುತ್ತಿದ್ದೇನೆ.

ನಿನ್ನೊಬ್ಬನದೇ ತಪ್ಪು ಎಂದು ಬರೆದು ನನ್ನನ್ನು ಪಾರು ಮಾಡಲು ನೋಡಬೇಡ. ನನಗೂ ಗೊತ್ತಿತ್ತು ಕಣೋ. ಗೊತ್ತಿದ್ದದ್ದಕ್ಕೇ ನಿನ್ನನ್ನು ಕೇಳಿದ್ದು. ನೀನು ಸಾಕು ಅಂದರೆ ಪಾಪ ನಿನ್ನ ತಲೆಗೆ, ಸಾಲದು ಅಂದರೆ ನಿನ್ನ ಜೊತೆ ಜಗಳ. ಎರಡಕ್ಕೂ ತಯಾರಾಗಿದ್ದೆ. ನೀನು ಏನೂ ಅನ್ನದಿದ್ದಾಗ ಒಳ್ಳೆಯದೇ ಆಯಿತು ಅಂದುಕೊಂಡು ಒಂಬತ್ತು ಮಾಡಿದೆ. ಜನ ಚಂದ ಅಂದರು, ನಾನೂ ಹಿಗ್ಗಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುವ ಬುದ್ಧಿ ನನ್ನದೂ ಆಯಿತು.

ಎಲಿಸೆಯೊ ಬನ್ನು ತಂದ ಆ ಬುಟ್ಟಿ ಇನ್ನೂ ಅಂಗಡಿಯ ಮೂಲೆಯಲ್ಲಿದೆ. ನೋಡಲಾಗದೆ ಮೇಲೆ ಗೋಣಿ ಹಾಕಿದ್ದೇನೆ.

ಆ ನಂಬರು ನಿನಗೆ ಗೊತ್ತಿಲ್ಲ ಎಂದು ಹೇಳಿದ್ದನ್ನು ಇವತ್ತೇ ಹೋಗಿ ಸರಿ ಮಾಡು. ಅದು ಅಪ್ಪ ಶುರು ಮಾಡಿದ ನಂಬರು. ನಾನು ನಾಳೆ ಇಲ್ಲಿಯ ಠಾಣೆಗೆ ಹೋಗಿ ಬಾನೆಟ್ಟು ನನ್ನದು ಎಂದು ಬರೆದುಕೊಡುತ್ತೇನೆ. ವಕೀಲರು ಸುಮ್ಮನಿರು ಎಂದರು. ನೆಲ್ಸೊ ಮಾತ್ರ “ಹೋಗೋಣ, ನಾನೂ ಬರ್ತೀನಿ” ಅಂದರು. ಷೆವ್ರೊಲೆಯವರಾದರೂ ಆಗುವ ಹೊತ್ತಿಗೆ ಆಗುತ್ತಾರೆ.

ಎಂಟು ಗಾಡಿಯವರ ಊರು ನನಗೆ ಗೊತ್ತು. ನಾಳೆಯಿಂದ ಹೊರಡುತ್ತೇವೆ. ನಲವತ್ತಾರನೆಯದು ನನಗೆ ಗೊತ್ತಿಲ್ಲ. ಅವನು ನಿಮ್ಮ ಕಡೆಯವನು, ಎಲಿಸೆಯೊ ಅವರ ಮಾತು ಕೇಳಿ ಬಂದವನು. ಅವರಿಗೆ ಮಾತ್ರ ಗೊತ್ತಿರಬಹುದು. ಹೋಗಿ ಕೇಳು. ಕಾಲು ಹಿಡಿದಾದರೂ ಕೇಳು.

ಅಕ್ಕ


ಪೆರ್ಗಮಿನೊ,
೨೯ ಆಗಸ್ಟ್

ಅಕ್ಕಾ,

ಸರ್ಕಾರಿ ವಕೀಲರ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟೆ. ಟೈಪು ಮಾಡುತ್ತಿದ್ದ ಗುಮಾಸ್ತ ನನಗಿಂತ ಚಿಕ್ಕವನು.

“ಲಾಕ್ ಸಡಿಲ ಇದೆ ಅಂತ ನಿಮಗೆ ಗೊತ್ತಿತ್ತಾ?” ಎಂದು ಕೇಳಿದ.

“ಗೊತ್ತಿತ್ತು.”

“ಆದ್ರೆ ಪಟ್ಟಿಯಲ್ಲಿ ಆ ಅಂಶ ಇಲ್ಲವಲ್ಲ ಸಾರ್.”

“ಇಲ್ಲ.”

“ಮತ್ತೆ ಯಾಕೆ ಹೇಳ್ತಿದೀರಿ? ಯಾರೂ ಕೇಳ್ತಿರಲಿಲ್ಲ.”

ಗೊತ್ತಿತ್ತಲ್ಲ, ಅದಕ್ಕೆ ಅಂದೆ. ಅವನು ಅದನ್ನೂ ಟೈಪು ಮಾಡಿದ. ನಂಬರಿನ ಕಥೆಯನ್ನೂ ಹೇಳಿ ಬರೆಸಿದೆ. ಮಾರನೆಯ ದಿನ ತಪಾಸಣೆ ಕೇಂದ್ರದವರು ಅಂಗಿ ವಾಪಸು ಕೇಳಿದರು. ಈಗ ಒಂದು ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಕೇಸು ಏನಾಗುತ್ತದೋ ಗೊತ್ತಿಲ್ಲ, ವರ್ಷಗಟ್ಟಲೆ ಎಳೆಯಬಹುದು.

ಎಲಿಸೆಯೊ ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಬೇಕರಿಗೆ ಹೋದೆ. ಕಣ್ಣಿಗೆ ಕಟ್ಟು, ಮುಖದ ಎಡಭಾಗವೆಲ್ಲ ಹೊಲಿಗೆ. ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದರು. ಮೂರು ಜನ ಗಿರಾಕಿಗಳಿದ್ದರು.

“ಬಂದ್ರಾ ಇನ್ಸ್‌ಪೆಕ್ಟರೇ” ಅಂದರು. “ಇವತ್ತು ಏನು ಚಾಚ್ಕೊಂಡಿದೆ ನೋಡ್ತೀರಾ?”

ನಾನು ಇನ್ಸ್‌ಪೆಕ್ಟರು ಅಲ್ಲ ಈಗ, ಇರ್ಮಾಳ ತಮ್ಮ ಅಂದೆ. ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೌಂಟರಿನ ಮೇಲಿನ ಹಿಟ್ಟನ್ನು ಅಂಗೈಯಿಂದ ಒರೆಸಿದರು. ಆಮೇಲೆ “ಅಣ್ಣತಂಗಿ ಸೇರಿ ಮಾಡಿದ್ರಾ” ಅಂದರು. ಅಕ್ಕ ತಮ್ಮ ಎಂದು ತಿದ್ದಲಿಲ್ಲ. ಲಾಕು ಅಲುಗುತ್ತಿತ್ತು, ನನಗೆ ಗೊತ್ತಿತ್ತು ಎಂದು ಎಲ್ಲರೆದುರೇ ಹೇಳಿದೆ. ನಲವತ್ತಾರನೆಯ ನಂಬರಿನ ಬಾನೆಟ್ಟಿರುವ ಇನ್ನೊಂದು ಗಾಡಿ ಇದೆ, ನಿಮ್ಮ ಮಾತು ಕೇಳಿ ಕೊಂಡವರು ಯಾರು, ಗೊತ್ತಾದರೆ ಟೈರ್ ಅಂಗಡಿಗೆ ತಿಳಿಸಿ ಎಂದು ಕೇಳಿದೆ.

“ನಾನು ಹೇಳಿದ್ದು ಒಬ್ಬನಿಗಾ? ದಿನಾ ನೂರು ಜನಕ್ಕೆ ಹೇಳ್ದೆ. ನಿಮ್ಮ ಚೀಟಿ ತೋರಿಸಿ ತೋರಿಸಿ ಹೇಳ್ದೆ” ಅಂದರು. ಎದ್ದು ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದು, ನಾನು ಹೊರಗೆ ಹೋದ ಮೇಲೆ ಬಾಗಿಲು ಹಾಕಿದರು. ಗಿರಾಕಿಗಳು ಒಳಗೇ ಇದ್ದರು.

ಬೀದಿಯಲ್ಲಿ ಫಾಲ್ಕನ್ ಕಂಡರೆ ಸಾಕು, ಹಿಂದೆ ಓಡುತ್ತೇನೆ. ಸಿಗ್ನಲ್ಲಿನಲ್ಲಿ ನಿಂತ ಗಾಡಿಗೆ ತಟ್ಟಿ ಬೈಸಿಕೊಂಡಿದ್ದೇನೆ. ಭಾನುವಾರ ಟೋಲ್ ಹತ್ತಿರ ಬೆಳಗ್ಗೆಯಿಂದ ಸಂಜೆವರೆಗೆ ನಿಂತಿದ್ದೆ. ಗಾಳಿ ಜೋರಾಗಿ ಬೀಸಿದ ದಿನ ಕೆಲಸ ಮಾಡಲು ಆಗುವುದೇ ಇಲ್ಲ.

ರೆನ್ಸೊ


ರಫಾಯೆಲಾ,
೨೦ ಸೆಪ್ಟೆಂಬರ್

ತಮ್ಮಾ,

ಎಂಟೂ ಸಿಕ್ಕವು.

ಮೂವತ್ತೆಂಟು ಸುಂಚಾಲೆಸ್‌ನ ಡಾಕ್ಟರದು, ಒಂದೇ ಮಾತಿಗೆ ಬಿಚ್ಚಿಕೊಟ್ಟರು. ನಲವತ್ತು ಕುದುರೆಲಾಯದಲ್ಲಿ ಗೋಣಿ ಹೊದ್ದು ನಿಂತಿತ್ತು, ಒಂದು ದಿನವೂ ಹೊರಗೆ ಬಂದಿರಲಿಲ್ಲ. ನಲವತ್ತೊಂದು ಎಸ್ಪೆರಾನ್ಸಾದ ಒಬ್ಬ ಹಾಲಿನವನದು. “ಪಿನ್ ಹಾಕಿದ್ರೆ ಚಂದ ಹೋಗುತ್ತಮ್ಮಾ, ನಾನು ಬಿಚ್ಚಲ್ಲ” ಅಂದ. ನಾನು ಅವನ ಬಾನೆಟ್ಟಿನ ಮೇಲೆ ಹತ್ತಿ ಕೂತೆ. “ಈಗ ಗಾಡಿ ತೆಗಿ ನೋಡೋಣ” ಅಂದೆ. ಎರಡು ಗಂಟೆ ಕೂತಿದ್ದೆ. ಅವನ ಹೆಂಡತಿ ಬಂದು ನನಗೆ ಮಟೆ ಕೊಟ್ಟು, ಗಂಡನಿಗೆ ನಾಲ್ಕು ಕೊಟ್ಟಳು, ಮಾತಿನಲ್ಲಿ. ಬಿಚ್ಚಿದ. ಆ ಎಂಟರಲ್ಲಿ ಮೂರರ ಲಾಕು ಆಗಲೇ ಅಲುಗುತ್ತಿತ್ತು. ನಲವತ್ತಮೂರರ ಗಾಡಿಯಲ್ಲಿ ಇಬ್ಬರು ಮಕ್ಕಳು ದಿನಾ ಶಾಲೆಗೆ ಹೋಗುತ್ತಾರೆ. ಅದನ್ನು ನಾನೂ ನೆಲ್ಸೊನೂ ಅಲ್ಲೇ ಬೀದಿಯಲ್ಲೇ ಬಿಚ್ಚಿದೆವು.

ಈಗ ಹೇಳುವುದನ್ನು ಸಮಾಧಾನವಾಗಿ ಓದು. ಎಂಟು ಜನಕ್ಕೂ ಬದಲಿ ಬಾನೆಟ್ಟು ಕೊಡಬೇಕಲ್ಲ, ಅಪ್ಪನ ಅಚ್ಚನ್ನು ನೆಲಕ್ಕೆ ಇಳಿಸಿ ಅದರ ಮುಂದೆ ಕೂತೆ. ಪಿನ್ನು ಇರಬೇಕು, ಹೊರಗೆ ಚಾಚಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಚ್ಚಿನ ಒಳಗೆ ಪಿನ್ನು ಬರುವ ಎರಡು ಕಡೆ ಮೇಣದ ಉಂಡೆ ಅಂಟಿಸಿದೆ, ಎರಡು ಬೆರಳು ದಪ್ಪ. ಅದರ ಮೇಲೆ ಫೈಬರ್ ಹಾಸಿ ತೆಗೆದರೆ ಬಾನೆಟ್ಟಿನಲ್ಲಿ ಎರಡು ಗುಳಿ ಬಂತು. ಪಿನ್ನೂ ಕ್ಲಿಪ್ಪೂ ಆ ಗುಳಿಯೊಳಗೆ ಕೂತವು. ಮೇಲೆ ಅಂಗೈ ಸವರಿದರೆ ಏನೂ ತಾಗುವುದಿಲ್ಲ. ನಿನ್ನ ಜಾಗಕ್ಕೆ ಬಂದ ಹೊಸ ಇನ್ಸ್‌ಪೆಕ್ಟರಿಗೂ ತಾಗುವುದಿಲ್ಲ, ಯಾವ ಮುದುಕಿಯ ಕೆನ್ನೆಗೂ ತಾಗುವುದಿಲ್ಲ.

ಒಂದು ಬೆಳಗಿನ ಕೆಲಸ ರೆನ್ಸೊ. ಮಟೆ ಕುಡಿದು ಕೂತವಳು ಊಟದ ಹೊತ್ತಿಗೆ ಮುಗಿಸಿ ಎದ್ದೆ. ಮಾರ್ಚಿನಲ್ಲಿ ನೀನು ‘ಅಕ್ಕ, ಪಿನ್ನು ಒಳಗೆ ಕೂರುವ ಹಾಗೆ ಆಗುತ್ತದಾ’ ಎಂದು ಕೇಳಿದ್ದರೆ, ಅಥವಾ ನಾನು ‘ಏನು ಮಾಡಲೋ’ ಎಂದು ಕೇಳಿದ್ದರೆ, ಆ ಮನುಷ್ಯನಿಗೆ ಎರಡೂ ಕಣ್ಣಿರುತ್ತಿದ್ದವು. ನಾವು ಕಾಗದದ ಮೇಲೆ ಜಗಳವಾಡಿಕೊಂಡು ಕೂತೆವು. ನಾನು ಕೈ ತೊಳೆಯದೆ ಅಚ್ಚಿನ ಪಕ್ಕದಲ್ಲೇ ಕೂತು ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಇನ್ನು ಮೇಲೆ ಚೀಟಿಯಲ್ಲಿ ಬರೀ ನಂಬರಲ್ಲ. ನನ್ನ ಹೆಸರು, ಬೀದಿ, ಫೋನು. ಕೊಂಡವರ ಹೆಸರು ಬರೆದುಕೊಳ್ಳದೆ ಒಂದನ್ನೂ ಹೊರಗೆ ಬಿಡುವುದಿಲ್ಲ.

ಈ ಪೊಟ್ಟಣದಲ್ಲಿ ಅಪ್ಪನ ಚರ್ಮದ ಪಟ್ಟಿ ಇಟ್ಟಿದ್ದೇನೆ, ರೇಸಿನ ಗಾಡಿಯ ಬಾನೆಟ್ಟಿಗೆ ಬಿಗಿಯುತ್ತಿದ್ದದ್ದು. ಎಣ್ಣೆ ಹಚ್ಚಿದ್ದೇನೆ, ಗಟ್ಟಿಯಾಗಿದೆ. ನಲವತ್ತಾರು ಸಿಕ್ಕರೆ ಮೊದಲು ಇದನ್ನು ಬಿಗಿ, ಆಮೇಲೆ ಮಾತಾಡು.

ತುರಿಕೆ ಇನ್ನೂ ಹೋಗಿಲ್ಲ.

ನಿನ್ನ ಅಕ್ಕ
ಇರ್ಮಾ


ಪೆರ್ಗಮಿನೊ,
೨೫ ಅಕ್ಟೋಬರ್

ಅಕ್ಕಾ,

ಪಟ್ಟಿಯನ್ನು ತಿಂಗಳಿನಿಂದ ಸೊಂಟಕ್ಕೆ ಸುತ್ತಿಕೊಂಡೇ ಓಡಾಡುತ್ತಿದ್ದೆ. ಟೈರ್ ಅಂಗಡಿಯವರು ನಗುತ್ತಿದ್ದರು.

ಇವತ್ತು ಬೆಳಗ್ಗೆ ಹತ್ತು ಗಂಟೆಗೆ ಅಂಗಡಿಗೆ ಫೋನು ಬಂತು. ಭಾನುವಾರ ಅರ್ಧ ದಿನ ತೆರೆದಿರುತ್ತೇವೆ. “ರೀ ಜಿರಾವ್ದೊ” ಎಂದಿತು ಆ ಕಡೆಯ ದನಿ. ಎಲಿಸೆಯೊ. “ಬಿಳೀ ಫಾಲ್ಕನ್ ಒಂದು ನನ್ನ ಬಾಗಿಲಲ್ಲಿ ನಿಂತಿದೆ. ತಟ್ಟಿ ನೋಡ್ದೆ, ತಗಡಲ್ಲ. ಎತ್ತಿಸಿ ನೋಡ್ದೆ, ನಲವತ್ತಾರು. ಅವನ ಕೀ ಕಿತ್ಕೊಂಡಿದೀನಿ. ಬೇಗ ಬನ್ನಿ, ಅವನು ನನಗೆ ಹೊಡೆಯೋ ಹಾಗಿದಾನೆ.”

ಕೈಯಲ್ಲಿದ್ದ ಟೈರನ್ನು ಅಲ್ಲೇ ಬಿಟ್ಟು ಓಡಿದೆ. ನಾಲ್ಕು ಬೀದಿ. ಹೋಗಿ ನೋಡಿದರೆ ಎಲಿಸೆಯೊ ಕೌಂಟರಿನ ಹಿಂದೆ ಹಿಟ್ಟಿನ ಮೂಟೆಗೆ ಒರಗಿ ನಿಂತಿದ್ದರು, ಕೀ ಏಪ್ರನ್ನಿನ ಜೇಬಿನಲ್ಲಿ. ಎದುರಿಗೆ ದಪ್ಪನೆಯ ಒಬ್ಬ ಮನುಷ್ಯ ಕೂಗುತ್ತಿದ್ದ. “ರೊಟ್ಟಿ ತಗೊಳ್ಳೋಕೆ ಬಂದ್ರೆ ಗಾಡಿ ಕಿತ್ಕೊಳ್ತೀರೇನ್ರೀ? ಮಗಳು ಬಸುರಿ, ಕೂರಿಸ್ಕೊಂಡು ಸಾನ್ ನಿಕೊಲಾಸ್‌ಗೆ ಹೋಗ್ಬೇಕು.” ಹೊರಗೆ ಗಾಡಿಯ ಮುಂದಿನ ಸೀಟಿನಲ್ಲಿ ಆ ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ನಾನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒತ್ತಿದೆ. ಬೀಳುವ ಹಲ್ಲಿನ ಹಾಗೆ ಅಲುಗಿತು. ಮಾತಾಡದೆ ಪಟ್ಟಿ ಬಿಚ್ಚಿ, ಒಂದು ತುದಿಯನ್ನು ಬಂಪರಿನ ಕೆಳಗಿನ ಕಂಬಿಗೆ ಹಾಕಿ, ಮೇಲೆ ತಂದು ಬಿಗಿದೆ. ಆಮೇಲೆ ಆ ಮನುಷ್ಯನ ಕೈ ಹಿಡಿದು ಬಾನೆಟ್ಟಿನ ಮೇಲೆ ಇಟ್ಟು, ಅದು ಅಲುಗುವುದನ್ನು ತೋರಿಸಿದೆ. ಅವನು ಇನ್ನೂ ಕೂಗುವವನೇ. ಅಷ್ಟರಲ್ಲಿ ಎಲಿಸೆಯೊ ಬಾಗಿಲಿಗೆ ಬಂದು, ಕಣ್ಣಿನ ಪಟ್ಟಿಯನ್ನು ಒಂದು ಬೆರಳಿನಿಂದ ಎತ್ತಿದರು. “ನನ್ನದೂ ಇದೇ ಬಾನೆಟ್ಟು ಕಣಪ್ಪ” ಅಂದರು. ಆ ಮನುಷ್ಯ ಮಗಳನ್ನು ಕೆಳಗಿಳಿಸಿ, ತಾನೂ ಮೆಟ್ಟಿಲ ಮೇಲೆ ಕೂತ.

ಎರಡು ತಿಂಗಳಿನಿಂದ ಎಲಿಸೆಯೊ ಬಾಗಿಲಲ್ಲಿ ನಿಂತ ಪ್ರತಿ ಫಾಲ್ಕನ್ನಿಗೂ ತಟ್ಟುತ್ತಿದ್ದರಂತೆ. ಅವರ ಹೆಂಡತಿ ಹೇಳಿದರು. ನಾನು ಹೋದ ದಿ‌ನ ಬಾಗಿಲು ಹಾಕಿದವರು ಮಾರನೆಯ ದಿನದಿಂದಲೇ ಶುರು ಮಾಡಿದರಂತೆ. ಕೈ ಮುಂದೆ ಮಾಡಿದೆ. ಅವರು ಕೀಯನ್ನು ಅದರಲ್ಲಿ ಇಟ್ಟರು.

“ಕ್ಷಮಿಸಿದೆ ಅಂತ ತಿಳ್ಕೋಬೇಡಿ” ಅಂದರು. “ಕೋರ್ಟಿಗೆ ಬರ್ತೀನಿ, ನಿಮ್ಮಿಬ್ಬರ ಮೇಲೂ ಹೇಳ್ತೀನಿ.”

ಹೇಳಿ, ನಾವೂ ಅದನ್ನೇ ಹೇಳಿದ್ದೇವೆ ಅಂದೆ.

“ಹೇಳ್ದೆ ಬಿಡ್ತೀನಾ. ಈಗ ರೊಟ್ಟಿ ಬೇಕಾದ್ರೆ ಸಾಲಲ್ಲಿ ನಿಂತ್ಕೊಳ್ಳಿ, ದಾರಿ ಅಡ್ಡ ಆಗ್ತಿದೀರಿ.”

ನಿಂತೆ ಅಕ್ಕ. ನನ್ನ ಮುಂದೆ ಏಳು ಜನ ಇದ್ದರು. ಎರಡು ತಿಂಗಳಲ್ಲಿ ನಾನು ಒಂದು ಕಡೆ ಸುಮ್ಮನೆ ನಿಂತದ್ದು ಅದೇ ಮೊದಲು.

ಆ ಅಪ್ಪ ಮಗಳನ್ನು ಬಸ್ಸಿಗೆ ಹತ್ತಿಸಿದ್ದೇನೆ. ಗಾಡಿಯನ್ನು ನಿನ್ನ ಹತ್ತಿರ ತರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ, ಗುಳಿಯಿರುವ ಬಾನೆಟ್ಟು ಒಂದು ತೆಗೆದಿಡು. ನಾಳೆ ಬೆಳಗ್ಗೆ ಹೊರಡುತ್ತೇನೆ. ಈ ಕಾಗದವನ್ನು ಇವತ್ತಿನ ಬಸ್ಸಿನವನ ಕೈಯಲ್ಲಿ ಕೊಡುತ್ತಿದ್ದೇನೆ, ನನಗಿಂತ ಮೊದಲು ತಲುಪುತ್ತದೆ. ಪಟ್ಟಿ ಬಿಗಿಯಾಗಿದೆ, ಆದರೂ ನಾನು ನಲವತ್ತರ ಮೇಲೆ ಓಡಿಸುವುದಿಲ್ಲ. ತಡವಾದರೆ ಗಾಬರಿಯಾಗಬೇಡ, ಊಟ ಮಾಡಿಬಿಡು. ಒಂದು ಬುಟ್ಟಿ ಬನ್ನು ತರುತ್ತಿದ್ದೇನೆ. ಆ ಹಳೆಯ ಬುಟ್ಟಿಯನ್ನು ವಾಪಸು ಕೊಡಬೇಕಂತೆ, ಎಲಿಸೆಯೊ ಕೇಳಿದ್ದಾರೆ.

ನಿನ್ನ ತಮ್ಮ
ರೆನ್ಸೊ